ಏನು ಒತ್ತಿದರೆ ದುಡ್ಡು ಹೋಗುತ್ತದೆ?

ನಮ್ಮೂರ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಫೋನ್ ಪಾಠ ಮಾಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲಿ ಇರುತ್ತಾರೆ, ಹಬ್ಬಕ್ಕೆ ಬಂದಾಗ ಹೊಸ ಫೋನ್ ಕೊಡಿಸಿ ಹೋಗಿರುತ್ತಾರೆ. ಮೊದಲ ದಿನ ಯಾರೇ ಬರಲಿ, ಕೇಳುವ ಪ್ರಶ್ನೆ ಒಂದೇ: "ಇದ್ರಲ್ಲಿ ಏನಾದ್ರೂ ಒತ್ತಿಬಿಟ್ರೆ ದುಡ್ಡು ಹೋಗ್ತದಂತೆ, ಹೌದಾ?"

ಫೋನ್ ಬಲ್ಲ ಮನೆಮಂದಿ ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ, "ಗೊತ್ತಿಲ್ಲದ್ದನ್ನ ಏನೂ ಒತ್ಬೇಡಿ." ಕಾಳಜಿಯಿಂದಲೇ ಹೇಳಿದ ಮಾತು. ಆದರೆ ಹೊಸಬರಿಗೆ ಎಲ್ಲವೂ ಗೊತ್ತಿಲ್ಲದ್ದೇ. ಹಾಗಾಗಿ ಅವರು ಕಲಿಯುವುದು ಹೆದರಿಕೆಯನ್ನು ಮಾತ್ರ. ಹೆದರಿದವರು ಆ ಕಡೆಯಿಂದ ದೊಡ್ಡ ದನಿ ಕೇಳಿದ ಕೂಡಲೇ ಹೇಳಿದಂತೆ ಮಾಡುತ್ತಾರೆ. ವಂಚಕರ ಬಂಡವಾಳವೇ ಅದು. ನಾವು ಮನೆಯಲ್ಲಿ ಬಿತ್ತಿದ್ದನ್ನು ಅವರು ಕೊಯ್ದುಕೊಂಡು ಹೋಗುತ್ತಾರೆ.

ಅದಕ್ಕೇ ನಾನು ಆ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಅದು ಸರಿಯಾದ ಪ್ರಶ್ನೆ, ಅದಕ್ಕೆ ಖಚಿತವಾದ ಉತ್ತರವೂ ಇದೆ. ಏನು ಒತ್ತಿದರೆ ದುಡ್ಡು ಹೋಗುತ್ತದೆ, ಏನು ಒತ್ತಿದರೆ ಹೋಗುವುದಿಲ್ಲ ಎಂಬುದು ಕೈಯಾರೆ ಗೊತ್ತಾದರೆ ಅರ್ಧ ಪಾಠ ಮುಗಿದಂತೆ.

ಒಂದು ರೂಪಾಯಿಯ ಪಾಠ

ಇಬ್ಬರನ್ನು ಅಕ್ಕಪಕ್ಕ ಕೂರಿಸುತ್ತೇನೆ. ಒಬ್ಬರು ಇನ್ನೊಬ್ಬರಿಗೆ ಯುಪಿಐನಲ್ಲಿ ಒಂದು ರೂಪಾಯಿ ಕಳಿಸಬೇಕು. ಕಳಿಸುವವರ ಫೋನ್ ಪಿನ್ ಕೇಳುತ್ತದೆ, ಒತ್ತುತ್ತಾರೆ, ಹಣ ಹೋಗುತ್ತದೆ. ಪಕ್ಕದವರ ಫೋನ್ ಟಣ್ ಎನ್ನುತ್ತದೆ. ಆಗ ಕೇಳುತ್ತೇನೆ: "ನೀವೇನು ಒತ್ತಿದ್ರಿ?" ಅವರು ಬೆರಳು ತೋರಿಸುತ್ತಾರೆ: "ನಾನು ಏನೂ ಒತ್ತಲಿಲ್ಲ. ಸುಮ್ನೆ ಕೂತಿದ್ದೆ." ಆಮೇಲೆ ಅವರು ಆ ರೂಪಾಯಿಯನ್ನು ವಾಪಸ್ ಕಳಿಸುತ್ತಾರೆ. ಈ ಸಲ ಪಿನ್ ಒತ್ತುವ ಸರದಿ ಅವರದು.

ಹೀಗೆ ನಾಲ್ಕು ಸಲ ಆ ಒಂದು ರೂಪಾಯಿ ಅತ್ತಿಂದಿತ್ತ ಓಡಾಡಿದರೆ ಸಾಕು, ಹಣ ಬರಲು ಏನೂ ಒತ್ತಬೇಕಿಲ್ಲ ಎಂಬುದು ಬಾಯಿಪಾಠ ಮಾಡದೆಯೇ ಉಳಿಯುತ್ತದೆ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಮತ್ತು ತಿಂಗಳು ತಿಂಗಳು ತಾನಾಗಿ ಕಡಿತವಾಗಲು ಒಪ್ಪಿಗೆ ಕೊಡಲು. ಹಣ ಪಡೆಯಲು ಎಂದೂ ಬೇಡ. ಪಿನ್ ಜಾಗದಲ್ಲಿ ಬೆರಳಚ್ಚು ಇಟ್ಟುಕೊಂಡಿದ್ದರೂ ಲೆಕ್ಕ ಇದೇ. ಕ್ಯುಆರ್ ಚೌಕವೂ ಹಾಗೆಯೇ, ಸ್ಕ್ಯಾನ್ ಮಾಡಿದವರು ಕೊಡುವವರು, ತೋರಿಸಿದವರು ಪಡೆಯುವವರು. ಹಳೆಯ ಮಂಚ ಮಾರಲು ಜಾಹೀರಾತು ಹಾಕಿದವರಿಗೆ "ಮುಂಗಡ ಕಳಿಸಿದ್ದೇನೆ, ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಜಮಾ ಆಗುತ್ತೆ" ಎಂದು ಯಾರಾದರೂ ಹೇಳಿದರೆ, ಒಂದು ರೂಪಾಯಿಯ ಪಾಠ ಮಾಡಿದವರಿಗೆ ಅದರಲ್ಲಿನ ಮೋಸ ತಕ್ಷಣ ಕಾಣುತ್ತದೆ.

"ನನಗೆ ಹಣ ಕೊಡಿ" ಎಂಬ ಕೋರಿಕೆ ಕಳಿಸಿ, ಅದು ಹಣ ಬರುವ ಸಂದೇಶ ಎಂದು ನಂಬಿಸಿ ಪಿನ್ ಒತ್ತಿಸುವುದೂ ಬಹಳ ಕಾಲ ನಡೆಯಿತು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಅಂಥ ಕೋರಿಕೆ ಕಳಿಸುವ ಸೌಲಭ್ಯವನ್ನೇ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ ಆರಂಭದಲ್ಲಿ ನಿಲ್ಲಿಸಿತು. ಒಂದು ಬಾಗಿಲು ಮುಚ್ಚಿತು, ಸಂತೋಷ. ಇನ್ನೊಂದು ಬಾಗಿಲು ಇನ್ನೂ ತೆರೆದೇ ಇದೆ. "ನಿಮ್ಮ ಖಾತೆಗೆ 10,000 ಜಮಾ ಆಗಿದೆ" ಎಂಬ ಎಸ್ಎಂಎಸ್ ಬರುತ್ತದೆ, ಹಿಂದೆಯೇ ಅಳುವ ದನಿಯ ಕರೆ: ತಪ್ಪಿ ನಿಮಗೆ ಬಂತು, ಆಸ್ಪತ್ರೆಗೆ ಇಟ್ಟ ದುಡ್ಡು, ದಯವಿಟ್ಟು ವಾಪಸ್ ಹಾಕಿ. ನಮ್ಮ ಜನರ ಮನಸ್ಸು ಕರಗುವುದೇ ಇಲ್ಲಿ. ಆ ಎಸ್ಎಂಎಸ್ ಕಳಿಸಿದ್ದು ಬ್ಯಾಂಕ್ ಅಲ್ಲ, ಅದೇ ಮನುಷ್ಯ. ಹಣ ಬಂತೇ ಎಂಬುದಕ್ಕೆ ಸಾಕ್ಷಿ ಸಂದೇಶವಲ್ಲ, ಖಾತೆಯಲ್ಲಿ ಈಗ ಇರುವ ಮೊತ್ತ. ನಿಜಕ್ಕೂ ತಪ್ಪಿ ಬಂದಿದ್ದರೆ ಕಳಿಸಿದವರು ತಮ್ಮ ಬ್ಯಾಂಕಿಗೆ ದೂರು ಕೊಡಲಿ, ಬ್ಯಾಂಕ್ ಮೂಲಕ ವ್ಯವಹಾರ ಸರಿಹೋಗುತ್ತದೆ.

ಇನ್ನೊಂದು ತೊಡಕಿದೆ. ಬ್ಯಾಂಕಿನ ಸಂದೇಶಗಳು ಬಹುತೇಕ ಇಂಗ್ಲಿಷಿನಲ್ಲೇ ಬರುತ್ತವೆ. ಕನ್ನಡ ಮಾತ್ರ ಓದಬಲ್ಲವರಿಗೆ ಒಟಿಪಿ ಸಂದೇಶದಲ್ಲಿ ಕಾಣುವುದು ಆರು ಅಂಕಿ ಮಾತ್ರ. ಆ ಅಂಕಿಯ ಅಕ್ಕಪಕ್ಕದಲ್ಲೇ ಎಷ್ಟು ರೂಪಾಯಿ, ಯಾರಿಗೆ, ಯಾವುದಕ್ಕೆ, ಯಾರಿಗೂ ಹೇಳಬೇಡಿ ಎಂದು ಬರೆದಿರುತ್ತದೆ. ಪೂರ್ತಿ ಓದಲು ಬಂದಿದ್ದರೆ ಅದೆಷ್ಟೋ ಜನ ಅಂಕಿ ಹೇಳುತ್ತಿರಲಿಲ್ಲ. ಅದಕ್ಕೆ ಡೆಬಿಟ್, ಕ್ರೆಡಿಟ್, ಒಟಿಪಿ ಎಂಬ ಇಂಗ್ಲಿಷ್ ಪದಗಳನ್ನು ಬಸ್ಸಿನ ಬೋರ್ಡಿನಂತೆ ಗುರುತು ಹಿಡಿಸುತ್ತೇನೆ. ಡೆಬಿಟ್ ಅಂದರೆ ಹೋಯಿತು, ಕ್ರೆಡಿಟ್ ಅಂದರೆ ಬಂತು. ಹಣ ಕಳಿಸುವ ಆ್ಯಪ್‌ಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡುತ್ತೇನೆ. "ಹಾಗೆ ಮಾಡಿದ್ರೆ ನಮಗೆ ಸಹಾಯ ಮಾಡೋಕೆ ಕಷ್ಟ" ಎಂದು ಮಕ್ಕಳು ಮತ್ತೆ ಇಂಗ್ಲಿಷಿಗೆ ತಿರುಗಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಫೋನ್ ಅವರದು.

ದುಡಿಮೆಯ ಹಣ, ನಿವೃತ್ತಿ ಹಣ ಇರುವ ಖಾತೆಯನ್ನು ಯುಪಿಐಗೆ ಜೋಡಿಸದೆ, ಇನ್ನೊಂದು ಸಣ್ಣ ಖಾತೆ ತೆರೆದು ಎರಡು ಮೂರು ಸಾವಿರ ಇಟ್ಟು ಅದನ್ನು ಮಾತ್ರ ಜೋಡಿಸಿ ಎಂದೂ ಹೇಳುತ್ತೇನೆ. ಸಂತೆಗೆ ಹೋಗುವಾಗ ಮನೆಯ ತಿಜೋರಿಯನ್ನೇ ಯಾರೂ ಹೊತ್ತುಕೊಂಡು ಹೋಗುವುದಿಲ್ಲವಲ್ಲ.

ಫೋನ್ ಇಡುವುದನ್ನು ಕಲಿಯುವುದು

ನಮ್ಮ ಕಡೆ ಯಾರೂ ಫೋನನ್ನು ತಟ್ಟನೆ ಇಡುವುದಿಲ್ಲ. "ಸರಿ ಹಾಗಾದ್ರೆ, ಇಡ್ಲಾ?" ಎನ್ನಬೇಕು, ಆ ಕಡೆಯವರು "ಆಯ್ತು, ಇಡಿ" ಎನ್ನಬೇಕು, ನಡುವೆ ಇನ್ನೊಂದು ಮಾತು ನೆನಪಾಗಬೇಕು. ಇದು ನಮ್ಮ ಮರ್ಯಾದೆ. ಡಿಜಿಟಲ್ ಅರೆಸ್ಟ್ ಎಂಬ ಮೋಸ ನಿಂತಿರುವುದು ಹೆದರಿಕೆಯ ಮೇಲೆ ಎಷ್ಟೋ, ಈ ಮರ್ಯಾದೆಯ ಮೇಲೂ ಅಷ್ಟೇ ಎಂದು ನನಗನ್ನಿಸುತ್ತದೆ. ಪೊಲೀಸ್ ಸಮವಸ್ತ್ರ ತೊಟ್ಟವನು ವಿಡಿಯೊ ಕರೆಯಲ್ಲಿ ಬರುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಅಕ್ರಮ ಹಣದ ಪ್ರಕರಣದಲ್ಲಿದೆ, ಕರೆ ಕತ್ತರಿಸಬೇಡಿ, ಮನೆಯಲ್ಲಿ ಯಾರಿಗೂ ಹೇಳಬೇಡಿ ಎನ್ನುತ್ತಾನೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಜನ ಫೋನ್ ಮುಂದೆ ಕೂತಿದ್ದಾರೆ. ಮೇಷ್ಟ್ರು, ಡಾಕ್ಟರು, ಎಂಜಿನಿಯರು ಎಲ್ಲರೂ ಸಿಕ್ಕಿಬಿದ್ದಿದ್ದಾರೆ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಈ ವಿಷಯ ಎತ್ತಿ, ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಹೇಳಬೇಕಾಯಿತು. ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರ ಈ ದೇಶದಲ್ಲಿ ಯಾವ ಪೊಲೀಸರಿಗೂ, ಯಾವ ಕೋರ್ಟಿಗೂ, ಯಾವ ಸಿಬಿಐಗೂ ಇಲ್ಲ.

ಆದರೆ ಅಂಥ ಹೊತ್ತಿನಲ್ಲಿ ಕಾನೂನು ನೆನಪಾಗುವುದಿಲ್ಲ, ನೆರವಿಗೆ ಬರುವುದು ಅಭ್ಯಾಸ. ಆದ್ದರಿಂದ ಪಾಠದಲ್ಲಿ ನಾನು ಪಕ್ಕದ ಕೋಣೆಗೆ ಹೋಗಿ ಒಬ್ಬೊಬ್ಬರಿಗೂ ಕರೆ ಮಾಡುತ್ತೇನೆ. ಗದರುತ್ತೇನೆ, ಖಾತೆ ಬಂದ್ ಎನ್ನುತ್ತೇನೆ. ಅವರು ಮಾತಿನ ನಡುವೆಯೇ ಕೆಂಪು ಗುಂಡಿ ಒತ್ತಬೇಕು. ಮೊದಲ ಸಲ ಯಾರಿಂದಲೂ ಆಗುವುದಿಲ್ಲ. "ಅಷ್ಟು ಹೇಳ್ತಿರುವಾಗ ಹ್ಯಾಂಗೆ ಇಡೋದು" ಎಂದು ನಿಜವಾಗಿಯೂ ಸಂಕಟಪಡುತ್ತಾರೆ. ಮೂರನೆಯ ಸಲಕ್ಕೆ ಕೈ ಪಳಗುತ್ತದೆ.

ಇಟ್ಟ ಮೇಲೆ ಏನು? ನಿಜವಾಗಿ ಬ್ಯಾಂಕೇ ಕರೆದಿದ್ದರೆ? ಪಾಸ್‌ಬುಕ್ಕಿನಲ್ಲಿ ಅಥವಾ ಕಾರ್ಡಿನ ಹಿಂಬದಿಯಲ್ಲಿ ಇರುವ ನಂಬರಿಗೆ ನೀವೇ ಕರೆ ಮಾಡಿ ಕೇಳಿ. ಅವರು ಕರೆದದ್ದಲ್ಲ, ನೀವು ಕರೆದದ್ದು ಎಂಬುದೇ ಇಲ್ಲಿ ದೊಡ್ಡ ವ್ಯತ್ಯಾಸ. ಬ್ಯಾಂಕುಗಳ ಸೇವಾ ಕರೆಗಳು 1600ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು ಎಂಬ ನಿಯಮವೂ ಈಗ ಬಂದಿದೆ. ಮಾಮೂಲಿ ಮೊಬೈಲ್ ನಂಬರಿನಿಂದ "ಬ್ಯಾಂಕಿನವರು" ಮಾತಾಡಿದರೆ ಅನುಮಾನಿಸಲು ಅಷ್ಟೇ ಸಾಕು.

ವಿಳಾಸವನ್ನು ಕೊನೆಯಿಂದ ಓದಿ

ಅಂತರ್ಜಾಲದ ವಿಳಾಸ ಓದುವುದನ್ನು ಯಾಕೋ ಯಾರೂ ಕಲಿಸುವುದೇ ಇಲ್ಲ. "ನಕಲಿ ಲಿಂಕ್ ಒತ್ತಬೇಡಿ" ಎನ್ನುತ್ತಾರೆ, ನಕಲಿ ಯಾವುದೆಂದು ಹೇಗೆ ತಿಳಿಯಬೇಕು? ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಅತಿ ಮುಖ್ಯವಾದದ್ದು ಇದು.

ಬೋರ್ಡಿನ ಮೇಲೆ ಕಾಗದದ ವಿಳಾಸ ಬರೆಯುತ್ತೇನೆ: ಮನೆ ಹೆಸರು, ಬೀದಿ, ಅಂಚೆ, ತಾಲ್ಲೂಕು, ಜಿಲ್ಲೆ. ಅಂಚೆಯವರು ಕಾಗದ ವಿಂಗಡಿಸುವಾಗ ಮೊದಲು ಯಾವ ಸಾಲು ನೋಡುತ್ತಾರೆ? ಕೊನೆಯದು. ಜಿಲ್ಲೆ, ಪಿನ್ ಕೋಡ್. ಮನೆ ಹೆಸರು ಏನು ಬೇಕಾದರೂ ಇರಬಹುದು. ಸಾಗರ ತಾಲ್ಲೂಕಿನಲ್ಲಿ ಯಾರಾದರೂ ತಮ್ಮ ಮನೆಗೆ "ಮೈಸೂರು ಅರಮನೆ" ಎಂದು ಹೆಸರಿಟ್ಟುಕೊಂಡರೆ ತಡೆಯುವವರಿಲ್ಲ. ಹಾಗೆಂದು ಅದು ಮೈಸೂರಿನ ಅಂಬಾವಿಲಾಸ ಅರಮನೆ ಆಗುವುದಿಲ್ಲ.

ವೆಬ್ ವಿಳಾಸವೂ ಹೀಗೆಯೇ. ಮೊದಲ ಒಂಟಿ ಓರೆಗೆರೆ (/) ಬರುವವರೆಗಿನ ಭಾಗವನ್ನು ಹಿಡಿದು, ಅದರ ತುದಿಯಿಂದ ಹಿಂದಕ್ಕೆ ಚುಕ್ಕಿ ಚುಕ್ಕಿಯಾಗಿ ಓದಬೇಕು. "ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂಬುದನ್ನು ಕೊನೆಯಿಂದ ಓದಿದರೆ: ಭಾರತ, ಸರ್ಕಾರ, ಕರ್ನಾಟಕ, ಸೇವಾಸಿಂಧು. ದೇಶ, ಸರ್ಕಾರ, ರಾಜ್ಯ, ಮನೆ. ಗವ್ ಡಾಟ್ ಇನ್ ಎಂಬ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಈಗ "ಸೇವಾಸಿಂಧು ಡಾಟ್ ಗವ್-ಇನ್ ಡಾಟ್ ಟಾಪ್" ಎಂದಿದ್ದರೆ? ಕೊನೆಯಲ್ಲಿ ಟಾಪ್, ಅದರ ಹಿಂದೆ ಚುಕ್ಕಿಯಿಲ್ಲದ, ಅಡ್ಡಗೆರೆ ಇರುವ "ಗವ್-ಇನ್". ಇದು ಸಾಗರದ ಮೈಸೂರು ಅರಮನೆ. ಸೇವಾಸಿಂಧು ಎಂಬುದು ಬರೀ ಬಾಗಿಲ ಮೇಲೆ ಬರೆದ ಹೆಸರು.

ಬ್ಯಾಂಕುಗಳ ವಿಷಯದಲ್ಲಿ ಈ ಓದು ಮೊದಲು ಕಷ್ಟವಿತ್ತು, ಒಂದೊಂದು ಬ್ಯಾಂಕಿಗೆ ಒಂದೊಂದು ಬಾಲ. ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ "ಬ್ಯಾಂಕ್ ಡಾಟ್ ಇನ್" ಎಂಬ ಬಾಲಕ್ಕೆ ಬರಬೇಕೆಂದು ಹೇಳಿತು. ಅದನ್ನು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ, ಬ್ಯಾಂಕ್ ಅಲ್ಲದವರಿಗೆ ಅದು ಸಿಗದು. ಹೊಸಬರಿಗೆ ಕಲಿಸುವವರ ಪಾಲಿಗೆ ಇದು ದೊಡ್ಡ ಉಪಕಾರ. ಕೊನೆಯ ಎರಡು ಪದ ನೋಡಿ ಎಂದರೆ ಮುಗಿಯಿತು.

ಎಲ್ಲ ಒಳ್ಳೆಯ ತಾಣಗಳೂ ಹೀಗೆ ಕೊನೆಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಕೆಎಸ್ಆರ್‌ಟಿಸಿ, ರೈಲ್ವೆ ಟಿಕೆಟ್ಟಿನ ಐಆರ್‌ಸಿಟಿಸಿ ಬೇರೆ ಬಾಲದವು. ಅಂಥವನ್ನು ಒಮ್ಮೆ ಸರಿಯಾಗಿ ತೆರೆದು, ಬ್ರೌಸರಿನಲ್ಲಿ ಗುರುತು ಹಾಕಿಟ್ಟುಕೊಂಡು, ಮುಂದೆ ಅಲ್ಲಿಂದಲೇ ಹೋಗುವುದು ಒಳ್ಳೆಯದು. "ಬೀಗದ ಚಿತ್ರ ಇದ್ದರೆ ಸುರಕ್ಷಿತ" ಎಂಬ ಹಳೆಯ ಪಾಠವನ್ನು ಮಾತ್ರ ಬಿಟ್ಟುಬಿಡಿ. ದಾರಿಯಲ್ಲಿ ಯಾರೂ ಇಣುಕುವುದಿಲ್ಲ ಎಂದಷ್ಟೇ ಆ ಬೀಗ ಹೇಳುತ್ತಿತ್ತು, ಹೋಗಿ ಸೇರುವ ಮನೆ ಯಾರದೆಂದು ಹೇಳುತ್ತಿರಲಿಲ್ಲ. ಕಳ್ಳರ ತಾಣಕ್ಕೂ ಬೀಗ ಇರುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿತ್ರವನ್ನು ತೆಗೆದುಹಾಕಿತು.

ಹುಡುಕುವುದೂ ಒಂದು ಕಸುಬು

ಸುರಕ್ಷತೆಯನ್ನಷ್ಟೇ ಹೇಳುತ್ತಾ ಹೋದರೆ ಜನ ಫೋನನ್ನು ಕಪಾಟಿನಲ್ಲಿಟ್ಟು ಬರುತ್ತಾರೆ. ಅದರಿಂದ ಏನು ಸಿಗುತ್ತದೆ ಎಂಬುದೂ ಕಾಣಬೇಕು.

ಕಳೆದ ಮಳೆಗಾಲದಲ್ಲಿ ಒಬ್ಬರು ಮೈಕಿನ ಗುರುತು ಒತ್ತಿ "ಅಡಿಕೆಗೆ ಔಷಧಿ" ಎಂದರು. ಬಂದದ್ದೆಲ್ಲ ಡಬ್ಬಿ ಮಾರುವವರ ವಿಡಿಯೊ. "ನಿಮಗೆ ನಿಜವಾಗಿ ಏನು ಬೇಕು?" ಎಂದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಬೇಕಂತೆ. "ಅದನ್ನೇ ಹೇಳಿ." ಅವರು "ಅಡಿಕೆ ಕೊಳೆರೋಗ ಶೇಕಡಾ ಒಂದರ ಬೋರ್ಡೋ ದ್ರಾವಣ ತಯಾರಿಸುವ ವಿಧಾನ" ಎಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಪರದೆಯ ಮೇಲೆ ಬಂತು. ಅವರಿಗೆ ಗೊತ್ತಿದ್ದ ಲೆಕ್ಕವೇ. ಆದರೆ ಫೋನ್ ಸರಿಯಾದ ಉತ್ತರ ಕೊಟ್ಟಿತಾ ಎಂದು ಅಳೆಯಲು ತನಗೆ ಗೊತ್ತಿದ್ದನ್ನೇ ಮೊದಲು ಕೇಳಿದರಂತೆ. ನಾನು ಹೇಳಿಕೊಡದ ಪಾಠ ಅದು, ಈಗ ಎಲ್ಲರಿಗೂ ಹೇಳಿಕೊಡುತ್ತೇನೆ: ನಿಮಗೆ ಚೆನ್ನಾಗಿ ತಿಳಿದ ವಿಷಯವನ್ನೇ ಮೊದಲು ಹುಡುಕಿ. ಯಾವ ತಾಣ ಸರಿ ಹೇಳುತ್ತದೆ, ಯಾವುದು ಗಾಳಿ ಬಿಡುತ್ತದೆ ಎಂದು ಆಗ ನಿಮಗೇ ತಿಳಿಯುತ್ತದೆ. ಆಮೇಲೆ ಯಾರು ಬರೆದಿದ್ದಾರೆ ನೋಡುವುದು. ವಿಟ್ಲದಲ್ಲಿರುವ ಸರ್ಕಾರಿ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳಿದ್ದಕ್ಕೂ, ಡಬ್ಬಿ ಮಾರುವವನು ಹೇಳಿದ್ದಕ್ಕೂ ಒಂದೇ ತೂಕವಲ್ಲ.

ಹುಡುಕಾಟದ ಮೇಲುಸಾಲಿನಲ್ಲಿ ಬರುವುದು ಕೆಲವೊಮ್ಮೆ ಜಾಹೀರಾತು. "ಪ್ರಾಯೋಜಿತ" ಎಂದು ಸಣ್ಣಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡು ನೋಡಬೇಕು. ಮತ್ತೆ, ಕಸ್ಟಮರ್ ಕೇರ್ ನಂಬರನ್ನು ಮಾತ್ರ ಎಂದೂ ಹೀಗೆ ಹುಡುಕಬೇಡಿ. ವಂಚಕರು ತಮ್ಮ ನಂಬರನ್ನು ಬ್ಯಾಂಕಿನದು, ಗ್ಯಾಸ್ ಏಜೆನ್ಸಿಯದು, ಕೊರಿಯರಿನದು ಎಂದು ಬರೆದು ಅಲ್ಲಲ್ಲಿ ಹಾಕಿರುತ್ತಾರೆ. ಇಲ್ಲಿ ಕರೆ ಮಾಡಿದ್ದು ನೀವೇ ಆದ್ದರಿಂದ ಅನುಮಾನವೂ ಬರುವುದಿಲ್ಲ. ನಂಬರ್ ಬೇಕಾದರೆ ಬಿಲ್ಲಿನ ಮೇಲೆ, ಪಾಸ್‌ಬುಕ್ಕಿನಲ್ಲಿ, ಆ್ಯಪ್ ಒಳಗೆ.

ಏನೂ ಒತ್ತದೆ ಹಣ ಹೋಗುವುದೂ ಉಂಟು. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟು ಇದ್ದರೆ ಪಿನ್, ಒಟಿಪಿ ಇಲ್ಲದೆ ಹಣ ತೆಗೆಯುವ ವ್ಯವಸ್ಥೆ ಒಂದಿದೆ, ಎಇಪಿಎಸ್. ಹಳ್ಳಿಯ ಪಿಂಚಣಿದಾರರಿಗೆ ಅನುಕೂಲವಾಗಲೆಂದು ಮಾಡಿದ್ದು. 2023ರಲ್ಲಿ ಮಂಗಳೂರು, ಬೆಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಹೀಗೆಯೇ ಹಣ ಹೋಯಿತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನು ಕಳ್ಳರು ನಕಲು ಮಾಡಿದ್ದರು. ಹಣ ಕಳೆದುಕೊಂಡವರ ತಪ್ಪು ಏನೂ ಇರಲಿಲ್ಲ. ಇದಕ್ಕಿರುವ ಉಪಾಯ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಬೀಗ, ಅಂದರೆ ಹೆಬ್ಬೆಟ್ಟಿಗೆ ಬೀಗ, ಹಾಕುವುದು. ರೇಷನ್ನಿಗೆ, ಪಿಂಚಣಿಗೆ ಹೆಬ್ಬೆಟ್ಟು ಒತ್ತುವ ದಿನ ತೆಗೆದು ಮತ್ತೆ ಹಾಕಬೇಕು. ಸ್ವಲ್ಪ ತಾಪತ್ರಯ, ಆದರೂ ಮಾಡಿಸುತ್ತೇನೆ.

ಲಗ್ನಪತ್ರಿಕೆ

ಒಂದು ರಾತ್ರಿ ಒಂಬತ್ತು ಗಂಟೆಗೆ ಪಾಠಕ್ಕೆ ಬರುವ ಒಬ್ಬ ಅಮ್ಮ ಕರೆ ಮಾಡಿದರು. ದನಿ ನಡುಗುತ್ತಿತ್ತು. ಪರಿಚಯದವರ ನಂಬರಿನಿಂದಲೇ ವಾಟ್ಸ್ಆ್ಯಪ್‌ನಲ್ಲಿ ಲಗ್ನಪತ್ರಿಕೆ ಬಂದಿತ್ತು. ಒತ್ತಿದ್ದಾರೆ. ಪತ್ರಿಕೆ ತೆರೆಯಲಿಲ್ಲ, ಬದಲಿಗೆ ಫೋನ್ ಏನೇನೋ ಅನುಮತಿ ಕೇಳಿತು, ಎಲ್ಲಕ್ಕೂ ಸರಿ ಎಂದಿದ್ದಾರೆ.

ಆ ಕಡತದ ಹೆಸರಿನ ಕೊನೆಯಲ್ಲಿ "ಎಪಿಕೆ" ಎಂದಿತ್ತು. ಇಲ್ಲೂ ನೋಡಬೇಕಾದದ್ದು ಬಾಲವನ್ನೇ. ಲಗ್ನಪತ್ರಿಕೆ ಚಿತ್ರವಾಗಿ ಬರುತ್ತದೆ ಅಥವಾ ಪಿಡಿಎಫ್ ಆಗಿ ಬರುತ್ತದೆ. ಎಪಿಕೆ ಎಂದರೆ ಆ್ಯಪ್, ಅಂದರೆ ಮನೆಯೊಳಗೆ ಬಂದು ಕೂರುವ ಆಳು. ಎಸ್ಎಂಎಸ್ ಓದಲು ಅದಕ್ಕೆ ಅನುಮತಿ ಸಿಕ್ಕಿತೆಂದರೆ ಒಟಿಪಿಯನ್ನು ನಿಮ್ಮಿಂದ ಕೇಳುವ ಅಗತ್ಯವೇ ಕಳ್ಳನಿಗೆ ಇರುವುದಿಲ್ಲ, ತಾನೇ ಓದಿಕೊಳ್ಳುತ್ತಾನೆ. "ನಾನು ಯಾರಿಗೂ ಒಟಿಪಿ ಹೇಳಿಲ್ಲ, ಆದ್ರೂ ಹೋಯ್ತು" ಎಂದು ಅಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಪರಿಚಯದವರ ನಂಬರಿನಿಂದ ಹೇಗೆ ಬಂತು? ಅವರ ವಾಟ್ಸ್ಆ್ಯಪ್ ಮೊದಲೇ ಕಳ್ಳರ ಕೈ ಸೇರಿತ್ತು. ಬಂದದ್ದು ಯಾರಿಂದ ಎಂಬುದಷ್ಟೇ ಅಲ್ಲ, ಬಂದದ್ದು ಏನು ಎಂಬುದನ್ನೂ ನೋಡಬೇಕು.

"ಹೇಳಿದ್ದು ಒಳ್ಳೇದಾಯ್ತು. ಬೈಯೋರು ಯಾರೂ ಇಲ್ಲ. ಈಗ ಮೊದಲು ಡೇಟಾ ಆಫ್ ಮಾಡಿ, ವೈಫೈ ಆಫ್ ಮಾಡಿ" ಎಂದೆ. ಮಾಡಿದರು. ಮಗನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಿದೆವು. ಹಣ ಹೋಗಿರಲಿಲ್ಲ. ಹೋಗಿದ್ದರೆ ಅದೇ ಗಳಿಗೆಯಲ್ಲಿ 1930ಕ್ಕೆ ಕರೆ ಮಾಡುತ್ತಿದ್ದೆವು. ಇದು ಇಡೀ ದೇಶಕ್ಕೆ ಸೈಬರ್ ಹಣ ವಂಚನೆಯ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಕೊನೆಗೆ ನಗದಾಗಿ ಹೊರಬೀಳುತ್ತದೆ. ಅಷ್ಟರೊಳಗೆ ದೂರು ದಾಖಲಾದರೆ ಹಣ ನಿಂತಿರುವ ಖಾತೆಯಲ್ಲೇ ಅದನ್ನು ತಡೆಹಿಡಿಯುತ್ತಾರೆ. ಮೊದಲ ಗಂಟೆಗೆ ಇರುವ ಬೆಲೆ ಮರುದಿನಕ್ಕಿಲ್ಲ. ವ್ಯವಹಾರದ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಬೇಕು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಕೊಡಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಬ್ಯಾಂಕಿಗೂ ಬರಹದಲ್ಲಿ ತಿಳಿಸಬೇಕು. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ನಿರ್ದೇಶನ ಕೊಟ್ಟಿದೆ.

ಈ ಎಲ್ಲಕ್ಕೂ ಅಡ್ಡಗಾಲು ಹಾಕುವುದು ನಾಚಿಕೆ. "ಮಗ ಬೈತಾನೆ" ಎಂದು ಮೂರು ದಿನ ನುಂಗಿಕೊಂಡು ಕೂತವರನ್ನು ನೋಡಿದ್ದೇನೆ. ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ಬೇಡಿಕೆ: ಅಪ್ಪ ಅಮ್ಮ ಫೋನ್ ಹಿಡಿದುಕೊಂಡು ಅಳುಮುಖ ಮಾಡಿ ಬಂದಾಗ "ಎಷ್ಟು ಸಲ ಹೇಳಿದ್ದೆ" ಎಂಬ ಮಾತನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಬೇಕಾದದ್ದು 1930.

ಮುಂದಿನ ಭಾನುವಾರ ಆ ಅಮ್ಮ ಬಂದರು. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸಿ, ಬ್ಯಾಂಕಿನ ಪಾಸ್‌ವರ್ಡ್, ಪಿನ್ ಎಲ್ಲ ಬದಲಿಸಿಕೊಂಡು ಬಂದಿದ್ದರು. ಎಲ್ಲರ ಮುಂದೆ ನಿಂತು, ಸೆಟ್ಟಿಂಗ್ಸಿಗೆ ಹೋಗಿ ಯಾವ ಆ್ಯಪ್‌ಗೆ ಎಸ್ಎಂಎಸ್ ಓದುವ ಅನುಮತಿ ಇದೆ ಎಂದು ನೋಡುವುದು ಹೇಗೆ, ಬೇಡವಾದ್ದನ್ನು ತೆಗೆಯುವುದು ಹೇಗೆ ಎಂದು ಒಂದೊಂದೇ ಹೆಜ್ಜೆ ತೋರಿಸಿದರು. ಆ ದಿನದ ಪಾಠ ಅವರದೇ. ನಾನು ಹಿಂದಿನ ಬೆಂಚಿನಲ್ಲಿ ಕೂತು, ಕನ್ನಡಕ ಮರೆತು ಬಂದಿದ್ದ ಒಬ್ಬ ಅಜ್ಜನಿಗೆ ಅಕ್ಷರ ದೊಡ್ಡದು ಮಾಡಿಕೊಡುತ್ತಿದ್ದೆ.